ಉತ್ತರ ಸರಿ, ಮುಂದಿನ ಪ್ರಶ್ನೆ!

ನವರಾತ್ರಿ ಸಮೀಪಿಸಿತೆಂದರೆ ಕುದ್ರೋಳಿ, ಅಳಕೆ, ಬೋಳೂರು, ಮಣ್ಣಗುಡ್ಡೆಗಳ ಯುವಕ ಮಂಡಲಗಳಿಗೂ ಶಾಲೆಗಳಿಗೂ ಬಿಡುವೆಂಬುದಿಲ್ಲ. ರಂಗೋಲಿ, ಭಕ್ತಿಗೀತೆ, ಛದ್ಮವೇಷ ಇತ್ಯಾದಿ ಸ್ಪರ್ಧೆಗಳ ಸಾಲಿನಲ್ಲಿ ರಸಪ್ರಶ್ನೆಗೂ ಒಂದು ಸ್ಥಾನ ಇದ್ದೇ ಇರುತ್ತದೆ. ನಿವೃತ್ತ ಅಧ್ಯಾಪಕನೆಂಬ ಕಾರಣಕ್ಕೆ ತೀರ್ಪುಗಾರನ ಕುರ್ಚಿಯೊಂದು ನನ್ನ ಪಾಲಿಗೂ ಆಗಾಗ ಬರುವುದುಂಟು. ಆ ಕುರ್ಚಿಯಲ್ಲಿ ಕುಳಿತು ಕೇಳಿಸಿಕೊಂಡ ಪ್ರಶ್ನೆಗಳ ಮಾದರಿಯನ್ನು ನೋಡಿ: ಜಟಾಯುವಿನ ಅಣ್ಣನ ಹೆಸರೇನು? ಸುಲ್ತಾನ್ ಬತ್ತೇರಿಯನ್ನು ಕಟ್ಟಿಸಿದವರು ಯಾರು? ಕರ್ನಾಟಕದ ರಾಜ್ಯಪಕ್ಷಿ ಯಾವುದು? ಪನಾಮಾ ಟೋಪಿ ಮೂಲತಃ ಯಾವ ದೇಶದ್ದು? ಆಕ್ಸ್‌ಫರ್ಡಿನಲ್ಲಿ ಓದಿದ ಕನ್ನಡದ ನಟ ಯಾರು?

ಸಂಪಾತಿ, ಟಿಪ್ಪು, ನೀಲಕಂಠ, ಈಕ್ವೆಡಾರ್, ಗಿರೀಶ ಕಾರ್ನಾಡ. ಐದು ಪ್ರಶ್ನೆ, ಐದು ಶಬ್ದ, ಅರ್ಧ ನಿಮಿಷ. ಪುರಾಣದಿಂದ ಇತಿಹಾಸಕ್ಕೆ, ಇತಿಹಾಸದಿಂದ ಹಕ್ಕಿಗೆ, ಹಕ್ಕಿಯಿಂದ ಟೋಪಿಗೆ, ಟೋಪಿಯಿಂದ ನಟನ ವಿದ್ಯಾಭ್ಯಾಸಕ್ಕೆ ಹನುಮಂತನೂ ಇಷ್ಟು ವೇಗವಾಗಿ ಹಾರಲಾರ! ಪ್ರಶ್ನೆ ಕೇಳುವವರು "ಉತ್ತರ ಸರಿ, ಮುಂದಿನ ಪ್ರಶ್ನೆ" ಎನ್ನುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಈ "ಮುಂದಿನ ಪ್ರಶ್ನೆ" ಎಂಬ ಎರಡು ಮಾತುಗಳ ಬಗೆಗೇ ನನ್ನ ತಕರಾರು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇನೆ. ಓದುಗರು ತಾಳ್ಮೆಯಿಂದ ಆಲಿಸಬೇಕು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಸಾಮಾನ್ಯ ಜ್ಞಾನವನ್ನು ಹೀಗಳೆಯುವವರ ಗುಂಪಿಗೆ ನಾನು ಸೇರಿದವನಲ್ಲ. "ಎಲ್ಲವೂ ಮೊಬೈಲಿನಲ್ಲಿ ಸಿಗುವಾಗ ಇವನ್ನೆಲ್ಲ ತಲೆಯಲ್ಲಿ ತುಂಬಿಕೊಳ್ಳುವುದೇಕೆ?" ಎಂದು ಇಂದಿನ ಎಷ್ಟೋ ಹೆತ್ತವರು ಕೇಳುತ್ತಾರೆ. ಈಗಂತೂ ಕೃತಕ ಬುದ್ಧಿಮತ್ತೆಯ ಯಂತ್ರಗಳು ಕೇಳಿದ ಕ್ಷಣದಲ್ಲೇ ಉತ್ತರವನ್ನು ಒಪ್ಪಿಸಿಬಿಡುತ್ತವೆ. ಆದರೆ ಯಂತ್ರ ಉತ್ತರ ಕೊಡುವುದು ಕೇಳಿದವನಿಗೆ ಮಾತ್ರ. ಏನನ್ನೂ ಅರಿಯದವನಿಗೆ ಏನನ್ನು ಕೇಳಬೇಕೆಂಬುದೂ ತಿಳಿಯದು. ಅಂಗಡಿಯಲ್ಲಿ ಸಾವಿರ ಸಾಮಾನು ಇದ್ದರೂ ಅಡುಗೆ ಬಾರದವನು ಏನನ್ನು ಕೊಂಡಾನು? ತಲೆಯಲ್ಲಿ ಚೂರುಪಾರು ಸಂಗತಿಗಳು ಇದ್ದಾಗಲೇ ಒಂದಕ್ಕೊಂದು ತಾಗಿ ಕಿಡಿ ಹುಟ್ಟುವುದು.

ಕನ್ನಡಿಗರಿಗೆ ಇದು ಹೊಸತಲ್ಲ. ಕಡಲತೀರದ ಕೋಟದಲ್ಲಿ 1902ರಲ್ಲಿ ಹುಟ್ಟಿ, ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜನ್ನು ಅರ್ಧಕ್ಕೇ ಬಿಟ್ಟ ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ "ಬಾಲಪ್ರಪಂಚ"ವನ್ನು ರಚಿಸಿದರು. ಆಮೇಲೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ "ವಿಜ್ಞಾನ ಪ್ರಪಂಚ" ಬಂತು. ಜಗತ್ತಿನ ಸಂಗತಿಗಳೆಲ್ಲ ಕನ್ನಡದ ಹುಡುಗನ ಅಂಗೈಗೆ ಬರಬೇಕೆಂಬ ಹಟ ಅವರದು. 1983ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಆರಂಭವಾಯಿತು. 2002ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರರ "ಥಟ್ ಅಂತ ಹೇಳಿ" ಪ್ರಾರಂಭಗೊಂಡು ಸಾವಿರಾರು ಕಂತುಗಳನ್ನು ಕಂಡಿತು. ಸರಿಯುತ್ತರಕ್ಕೆ ಕನ್ನಡ ಪುಸ್ತಕವನ್ನು ಬಹುಮಾನವಾಗಿ ಕೊಡುವ ಆ ಪದ್ಧತಿಯನ್ನು ನಾನು ಬಹುವಾಗಿ ಮೆಚ್ಚಿದವನು. ಏಕೆಂದರೆ ಅಲ್ಲಿ ಒಂದು ಉತ್ತರದ ಫಲವಾಗಿ ದೊರೆಯುವುದು ಇನ್ನೂರು ಪುಟಗಳ ಓದು. 2012ರಲ್ಲಿ "ಕನ್ನಡದ ಕೋಟ್ಯಧಿಪತಿ" ಬಂದಾಗ ಪುನೀತ್ ರಾಜಕುಮಾರರ ಎದುರು ಕುಳಿತವರಲ್ಲಿ ಸಾಧಾರಣ ಮನೆಗಳ ಜನರಿದ್ದರು. ಪದವಿಯಿಲ್ಲದವನ ಜ್ಞಾನಕ್ಕೂ ಬೆಲೆಯುಂಟೆಂದು ಲೋಕಕ್ಕೆ ಕಾಣಿಸಿದ್ದು ಇಂತಹ ಕಾರ್ಯಕ್ರಮಗಳಿಂದಲೇ.

ಹಾಗಾದರೆ ತಕರಾರು ಯಾವುದು? ಉತ್ತರವನ್ನು ನಾವು ಬಾಗಿಲನ್ನಾಗಿ ಬಳಸದೆ ಗೋಡೆಯನ್ನಾಗಿ ಬಳಸುತ್ತಿದ್ದೇವೆ ಎಂಬುದು. ಮೇಲಿನ ಐದು ಪ್ರಶ್ನೆಗಳನ್ನೇ ಎತ್ತಿಕೊಂಡು ನೋಡೋಣ.

ಜಟಾಯುವಿನ ಅಣ್ಣ ಸಂಪಾತಿ. ಇಬ್ಬರೂ ಸೂರ್ಯನ ಸಾರಥಿಯಾದ ಅರುಣನ ಮಕ್ಕಳು. ಸೂರ್ಯನತ್ತ ಹಾರಿದ ತಮ್ಮನನ್ನು ರೆಕ್ಕೆಯಡಿ ಕಾಪಾಡಲು ಹೋಗಿ ಸಂಪಾತಿ ತನ್ನ ರೆಕ್ಕೆಗಳನ್ನೇ ಸುಟ್ಟುಕೊಂಡನು. ಮುಂದೆ ಸೀತೆ ಲಂಕೆಯಲ್ಲಿದ್ದಾಳೆಂದು ಕಪಿಗಳಿಗೆ ತಿಳಿಸಿದವನೂ ಅವನೇ. ಇಷ್ಟನ್ನು ಹೇಳಿದ ಮಗುವಿಗೆ ಮುಂದುವರಿದು, "ಈ ಅಣ್ಣತಮ್ಮಂದಿರ ಕುಲದ ಹದ್ದುಗಳನ್ನು ನೀನು ಕಂಡಿದ್ದೀಯಾ?" ಎಂದು ಕೇಳಬಾರದೇಕೆ? ಕಂಡಿರುವುದು ಕಷ್ಟ. 1990ರ ದಶಕದಿಂದೀಚೆಗೆ ಭಾರತದ ರಣಹದ್ದುಗಳಲ್ಲಿ ಕೆಲವು ಜಾತಿಗಳು ನೂರಕ್ಕೆ ತೊಂಬತ್ತೈದಕ್ಕೂ ಮಿಕ್ಕಿ ನಾಶವಾದವು. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧವು ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ ಅದರ ಮೂತ್ರಪಿಂಡಗಳನ್ನು ಕೆಡಿಸುತ್ತಿತ್ತು. ಕಾರಣ ಖಚಿತವಾದದ್ದು 2004ರಲ್ಲಿ. ಪಶುಗಳಿಗೆ ಅದನ್ನು ಬಳಸುವುದನ್ನು ಭಾರತ ಸರಕಾರವು ನಿಷೇಧಿಸಿದ್ದು 2006ರಲ್ಲಿ. ನಮ್ಮ ರಾಜ್ಯದಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಧಾಮವೆಂದು ಘೋಷಿಸಲಾಯಿತು. 1975ರ "ಶೋಲೆ" ಚಿತ್ರ ತಯಾರಾದದ್ದು ಅದೇ ರಾಮನಗರದ ಬಂಡೆಗಳ ನಡುವೆ ಎಂದರೆ ಹಿಂದಿನ ಬೆಂಚಿನ ಹುಡುಗನೂ ಕಿವಿ ನಿಮಿರಿಸುತ್ತಾನೆ. ಪುರಾಣ, ಹಕ್ಕಿ, ಸಿನಿಮಾ ಮೂರೂ ಒಂದೇ ಬೆಟ್ಟದಲ್ಲಿ ಕಲೆಯುತ್ತವೆ. "ಸಂಪಾತಿ" ಎಂಬ ಮೂರಕ್ಷರದ ಬಳಿ ನಿಂತುಬಿಟ್ಟರೆ ಇದಾವುದೂ ಇಲ್ಲ.

ಇನ್ನು ರಾಜ್ಯಪಕ್ಷಿ. ನೀಲಕಂಠವೆಂದು ಎಲ್ಲ ಮಕ್ಕಳೂ ಒಕ್ಕೊರಲಿನಿಂದ ಹೇಳುತ್ತಾರೆ. ಗೋಕರ್ಣನಾಥನ ಊರಿನ ಮಕ್ಕಳಿಗೆ ಆ ಹೆಸರಿನ ಹಿಂದಿರುವ ಸಮುದ್ರಮಥನದ ಕಥೆ ತಿಳಿದೇ ಇರುತ್ತದೆ. ಆದರೆ ಹಕ್ಕಿಯನ್ನು ಕಣ್ಣಿಟ್ಟು ನೋಡಿದವರಿಗೆ ಒಂದು ಸೋಜಿಗ ಗೋಚರಿಸುತ್ತದೆ: ಆ ಹಕ್ಕಿಯ ಕಂಠ ನೀಲಿಯಲ್ಲ! ಕತ್ತು, ಎದೆಯ ಭಾಗವೆಲ್ಲ ಕಂದು ಮಿಶ್ರಿತ ನಸುಗೆಂಪು, ಅದರ ಮೇಲೆ ಬಿಳಿಯ ಗೀರುಗಳು. ತಂತಿಯ ಮೇಲೆ ಸುಮ್ಮನೆ ಕುಳಿತಿದ್ದಾಗ ಮಂಕಾಗಿ ಕಾಣುವ ಈ ಹಕ್ಕಿ ರೆಕ್ಕೆ ಬಿಚ್ಚಿ ಹಾರಿದಾಗಲೇ ಅದರ ನೀಲಿಯ ವೈಭವ ಹೊರಬೀಳುವುದು. ಸಂಸ್ಕೃತದಲ್ಲಾದರೋ ನವಿಲಿಗೂ ನೀಲಕಂಠವೆಂಬ ಹೆಸರುಂಟು. ವಿಜಯದಶಮಿಯ ದಿನ ಈ ಹಕ್ಕಿಯ ದರ್ಶನ ಶುಭವೆಂಬ ನಂಬಿಕೆ ದೇಶದ ಹಲವೆಡೆ ಇದೆ. ಆ ನಂಬಿಕೆಯಿಂದಲೇ ಹಕ್ಕಿಗೆ ಅಶುಭವೂ ಒದಗಿದೆ. ಹಬ್ಬದ ದಿನ ಹಣಕೊಟ್ಟವರಿಗೆ ತೋರಿಸಲೆಂದು ಅದನ್ನು ಹಿಡಿದು, ಕಟ್ಟಿ, ಪಂಜರದಲ್ಲಿಟ್ಟು ಬೀದಿಬೀದಿ ತಿರುಗಿಸುವವರಿದ್ದಾರೆ. ಕಾನೂನಿನ ಪ್ರಕಾರ ಇದು ಅಪರಾಧ. ಇಷ್ಟಾಗಿ, ಉತ್ತರಗಳೂ ಶಾಶ್ವತವಲ್ಲ. ಆಂಧ್ರಪ್ರದೇಶದ ರಾಜ್ಯಪಕ್ಷಿಯೂ ನೀಲಕಂಠವೇ ಆಗಿತ್ತು. 2014ರಲ್ಲಿ ರಾಜ್ಯ ವಿಭಜನೆಯಾದಾಗ ತೆಲಂಗಾಣ ಅದನ್ನು ಉಳಿಸಿಕೊಂಡಿತು. ಆಂಧ್ರವು 2018ರಲ್ಲಿ ಗಿಳಿಯನ್ನು ಆರಿಸಿಕೊಂಡಿತು. ಹಳೆಯ ಸಾಮಾನ್ಯ ಜ್ಞಾನದ ಪುಸ್ತಕ ಕಂಠಪಾಠ ಮಾಡಿದ ಹುಡುಗನಿಗೆ ಅಂಕ ಸಿಗುತ್ತದೋ ಇಲ್ಲವೋ ಎಂಬುದು ಪ್ರಶ್ನೆ ಕೇಳುವವನ ಪುಸ್ತಕ ಎಷ್ಟು ಹಳೆಯದು ಎಂಬುದರ ಮೇಲೆ ನಿಂತಿದೆ!

ಟೋಪಿಯ ವಿಷಯ. ಪನಾಮಾ ಟೋಪಿಯನ್ನು ಹೆಣೆಯುವವರು ಈಕ್ವೆಡಾರಿನ ಜನ. ಪನಾಮಾ ಅದರ ಮಾರಾಟದ ದಾರಿಯಾಗಿತ್ತಷ್ಟೆ. ಹೆಸರು ಮಾತ್ರ ಸಂತೆಗೆ ಸಂದಿತು, ಕೈಗಳಿಗೆ ಸಲ್ಲಲಿಲ್ಲ. ಗಾಂಧಿ ಟೋಪಿಯ ಕಥೆಯೂ ವಿಚಿತ್ರವೇ. ಬಾಪೂಜಿಯವರು ಆ ಬಿಳಿಯ ಟೋಪಿಯನ್ನು ಧರಿಸಿದ್ದು ಕೆಲವೇ ವರ್ಷ. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ತುಂಡು ಪಂಚೆಯನ್ನು ಸ್ವೀಕರಿಸಿದ ಮೇಲೆ ಅವರ ತಲೆ ಬರಿದಾಗಿಯೇ ಉಳಿಯಿತು. ಟೋಪಿ ಅನುಯಾಯಿಗಳ ಪಾಲಾಯಿತು. ಗಾಂಧೀಜಿ ಮಂಗಳೂರಿಗೆ 1920, 1927 ಮತ್ತು 1934ರಲ್ಲಿ, ಹೀಗೆ ಮೂರು ಸಲ ಬಂದಿದ್ದರು. ಕೊನೆಯ ಎರಡು ಸಲ ಅವರ ತಲೆಯ ಮೇಲೆ ಆ ಟೋಪಿ ಇರಲಿಲ್ಲ.

ಆದರೆ ನಮ್ಮ ಮಕ್ಕಳಿಗೆ ಪನಾಮಾ ಟೋಪಿಯ ಹುಟ್ಟೂರು ಗೊತ್ತಿರುವಷ್ಟು ಮುಟ್ಟಾಳೆಯ ಕಥೆ ಗೊತ್ತಿಲ್ಲ. ಬಿದ್ದ ಅಡಿಕೆ ಹಾಳೆಯನ್ನು ನೆನೆಸಿ, ಮಡಚಿ, ಹೊಲಿದು ಮಾಡುವ ಈ ಟೋಪಿ ತುಳುನಾಡಿನ ರೈತನ ತಲೆಯನ್ನು ಬಿಸಿಲಿನಿಂದ, ಹೊರೆಯ ಒರಟಿನಿಂದ ರಕ್ಷಿಸಿದ ಸಾಧನ. ಕೊರಗಜ್ಜನ ಚಿತ್ರ ಬರೆಯುವವರು ಮುಟ್ಟಾಳೆಯಿಲ್ಲದೆ ಬರೆಯುವುದಿಲ್ಲ. ಇಂದು ತುಳು ಸಮ್ಮೇಳನಗಳ ವೇದಿಕೆಯಲ್ಲಿ ಗಣ್ಯರ ತಲೆಗೆ ಅದನ್ನು ತೊಡಿಸಿ ಛಾಯಾಚಿತ್ರ ತೆಗೆಸಿಕೊಳ್ಳುತ್ತೇವೆ. ಸಂತೋಷವೇ. ಆದರೆ ಅದೇ ಮುಟ್ಟಾಳೆಯನ್ನು ನಿತ್ಯವೂ ಧರಿಸುತ್ತಿದ್ದ ಕೊರಗ ಸಮುದಾಯವನ್ನು ಈ ಜಿಲ್ಲೆ ಹೇಗೆ ನಡೆಸಿಕೊಂಡಿತು? ಕೂದಲು, ಉಗುರು ಬೆರೆಸಿದ ಅನ್ನವನ್ನು ಉಣ್ಣಿಸುವ ಅಜಲು ಎಂಬ ಅನಿಷ್ಟವನ್ನು ತಡೆಯಲು ಕರ್ನಾಟಕವು 2000ದ ಇಸವಿಯಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿ! "ಅಡಿಕೆ ಹಾಳೆಯ ಟೋಪಿಗೆ ತುಳುವಿನಲ್ಲಿ ಏನೆನ್ನುತ್ತಾರೆ?" ಎಂಬ ಪ್ರಶ್ನೆಗೆ ಒಂದು ಅಂಕ. "ಅದನ್ನು ಯಾರು ಧರಿಸುತ್ತಿದ್ದರು, ಅವರ ಪಾಡೇನು?" ಎಂಬ ಪ್ರಶ್ನೆಯನ್ನು ಕೇಳುವವರೇ ಇಲ್ಲ. ಹೀಗೆ ಅರ್ಧ ಸತ್ಯವನ್ನು ಕಲಿಸಿ ಬಿಡುವುದಕ್ಕೆ ಆಡುಮಾತಿನಲ್ಲಿ ಒಂದು ಹೆಸರಿದೆ. ಅದಕ್ಕೆ ಟೋಪಿ ಹಾಕುವುದೆಂದೇ ಹೇಳುತ್ತಾರೆ.

ನಟರ ವಿದ್ಯಾಭ್ಯಾಸಕ್ಕೆ ಬರೋಣ. ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆದು, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ 1960ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿಯ ವಿದ್ಯಾರ್ಥಿಗಳ ಚರ್ಚಾಸಂಘವಾದ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರೂ ಆದರು. 1929ರಲ್ಲಿ ಹುಟ್ಟಿದ ಮುತ್ತುರಾಜರಾದರೋ ಪ್ರಾಥಮಿಕ ಶಾಲೆಯ ಕೆಳಗಿನ ತರಗತಿಗಳಲ್ಲೇ ಓದು ಬಿಟ್ಟು, ತಂದೆ ಪುಟ್ಟಸ್ವಾಮಯ್ಯನವರೊಡನೆ ಗುಬ್ಬಿ ವೀರಣ್ಣನವರ ನಾಟಕ ಕಂಪೆನಿ ಸೇರಿದರು. 1954ರ "ಬೇಡರ ಕಣ್ಣಪ್ಪ"ದಿಂದ ಅವರು ರಾಜಕುಮಾರರಾದರು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ರಸಪ್ರಶ್ನೆಗೆ ಇವೆರಡೂ ಸೊಗಸಾದ ಸಾಮಗ್ರಿ. ಆದರೆ ಇವೆರಡನ್ನೂ ಅಕ್ಕಪಕ್ಕ ಇಟ್ಟು, "ವಿದ್ಯೆ ಎಂದರೇನು?" ಎಂದು ಹತ್ತನೆಯ ತರಗತಿಯ ಮಕ್ಕಳನ್ನು ಕೇಳಿ ನೋಡಿ. ನಾಟಕ ಕಂಪೆನಿಯ ಹುಡುಗನಿಗೆ ಕನ್ನಡದ ಉಚ್ಚಾರ, ಪದ್ಯದ ಪದಚ್ಛೇದ, ಪುರಾಣದ ಪಾತ್ರಗಳ ಒಳಗು ಹೊರಗು ಎಲ್ಲಿಂದ ಬಂದವು? ಕರಾವಳಿಯಲ್ಲಿ ಇದಕ್ಕೆ ಉತ್ತರ ಹುಡುಕಬೇಕಾಗಿಲ್ಲ. ಪದವಿಗಳಿಲ್ಲದ ಯಕ್ಷಗಾನ ಕಲಾವಿದರು ತಾಳಮದ್ದಳೆಯಲ್ಲಿ ಕುಳಿತು ಧರ್ಮಸೂಕ್ಷ್ಮದ ಬಗೆಗೆ ಗಂಟೆಗಟ್ಟಲೆ ವಾದಿಸಿದ್ದನ್ನು ಕೇಳಿಯೇ ನಮ್ಮ ತಲೆಮಾರು ಬೆಳೆದದ್ದು. ರಂಗಸ್ಥಳದಲ್ಲಿ ಕಿರೀಟ, ಮುಂಡಾಸು, ಕೇದಗೆ ಮುಂದಲೆ ಇವುಗಳ ವ್ಯತ್ಯಾಸದಿಂದಲೇ ಪಾತ್ರದ ಗುಣವನ್ನು ಗುರುತಿಸಬಲ್ಲ ಅಜ್ಜಿಯಂದಿರು ಪ್ರತಿ ಮನೆಯಲ್ಲೂ ಇದ್ದರು. ಅದೂ ಸಾಮಾನ್ಯ ಜ್ಞಾನವೇ; ಅದಕ್ಕೆ ಪ್ರಮಾಣಪತ್ರ ಇರಲಿಲ್ಲ, ಅಷ್ಟೆ.

ಇತಿಹಾಸದ ಪ್ರಶ್ನೆಯನ್ನು ಉದ್ದೇಶಪೂರ್ವಕವಾಗಿ ಹಿಂದಿಟ್ಟೆ. ಬೋಳೂರಿನ ಸುಲ್ತಾನ್ ಬತ್ತೇರಿ ಕುದ್ರೋಳಿಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಗುರುಪುರ ನದಿಗೆ ಶತ್ರುಗಳ ಯುದ್ಧನೌಕೆಗಳು ನುಗ್ಗದಂತೆ ಕಾವಲಿರಿಸಲು ಟಿಪ್ಪು ಸುಲ್ತಾನನು 1784ರಲ್ಲಿ ಕಪ್ಪುಕಲ್ಲಿನಿಂದ ಕಟ್ಟಿಸಿದ ಬುರುಜು ಅದು. ಅದೇ 1784ರ ಮಾರ್ಚ್ 11ರಂದು ಎರಡನೆಯ ಆಂಗ್ಲೋ–ಮೈಸೂರು ಯುದ್ಧವನ್ನು ಮುಗಿಸಿದ ಮಂಗಳೂರು ಒಪ್ಪಂದವಾಯಿತು. ಅದೇ ವರ್ಷ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಒಂದು ಇಸವಿ, ಮೂರು ನೆನಪು. ಒಬ್ಬನಿಗೆ ಅದು ಬ್ರಿಟಿಷರನ್ನು ಮಣಿಸಿದ ವರ್ಷ. ನೆರೆಮನೆಯವನಿಗೆ ಪೂರ್ವಜರು ಮನೆಮಠ ಕಳೆದುಕೊಂಡ ವರ್ಷ. ಒಂದೇ ತರಗತಿಯಲ್ಲಿ ಇಬ್ಬರ ಮಕ್ಕಳೂ ಕುಳಿತಿರುತ್ತಾರೆ. "ಟಿಪ್ಪು, ಉತ್ತರ ಸರಿ" ಎಂದು ಮುಂದೆ ಸಾಗಿದರೆ ಜಗಳವಿಲ್ಲ ನಿಜ, ತಿಳಿವಳಿಕೆಯೂ ಇಲ್ಲ. ಶಾಲೆಯಲ್ಲಿ ಸಮಾಧಾನವಾಗಿ ಕಲಿಯದ್ದನ್ನು ಅದೇ ಮಕ್ಕಳು ಮುಂದೆ ಬೀದಿಯಲ್ಲಿ ಸಿಟ್ಟಿನಿಂದ ಕಲಿಯುತ್ತಾರೆ.

ಈಗ ಈ ಬರಹಕ್ಕೆ ಮೂಲವಾದ ಪ್ರಸಂಗವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಇಲ್ಲಿಗೆ ಸಮೀಪದ ಶಾಲೆಯೊಂದರಲ್ಲಿ ನಡೆದ ರಸಪ್ರಶ್ನೆಯಲ್ಲಿ, "ಕುದ್ರೋಳಿ ಶ್ರೀ ಗೋಕರ್ಣನಾಥ ಕ್ಷೇತ್ರದಲ್ಲಿ ಶಿವಲಿಂಗವನ್ನು ಪ್ರತಿಷ್ಠಾಪಿಸಿದವರು ಯಾರು, ಯಾವ ವರ್ಷ?" ಎಂದು ಕೇಳಲಾಯಿತು. ಹುಡುಗಿಯೊಬ್ಬಳು ಗುಂಡಿ ಒತ್ತಿ, "ಬ್ರಹ್ಮಶ್ರೀ ನಾರಾಯಣ ಗುರುಗಳು, 1912" ಎಂದಳು. ಉತ್ತರ ಸರಿ, ಹತ್ತು ಅಂಕ. ಅಷ್ಟರಲ್ಲಿ ಸಭೆಯಲ್ಲಿದ್ದ ಆರೇಳನೆಯ ತರಗತಿಯ ಹುಡುಗನೊಬ್ಬ ಎದ್ದುನಿಂತು ಕೇಳಿದ: "ಸರ್, ಅದಕ್ಕಿಂತ ಮೊದಲು ಅವರೆಲ್ಲ ಯಾವ ದೇವಸ್ಥಾನಕ್ಕೆ ಹೋಗುತ್ತಿದ್ದರು?"

ಸಭೆಯಲ್ಲಿ ಸಣ್ಣ ನಗು. ಕಾರ್ಯಕ್ರಮ ನಡೆಸುತ್ತಿದ್ದವರು ಗಡಿಯಾರ ನೋಡಿ, "ಸಭಿಕರಿಗೆ ಪ್ರಶ್ನೆ ಕೇಳುವ ಅವಕಾಶವಿಲ್ಲ, ಮುಂದಿನ ಪ್ರಶ್ನೆ" ಎಂದರು. ಮುಂದಿನ ಪ್ರಶ್ನೆ ಕ್ರಿಕೆಟ್ಟಿನ ಹ್ಯಾಟ್ರಿಕ್ ಶಬ್ದದ ಮೂಲ ಯಾವುದೆಂಬುದು. 1858ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಸತತ ಮೂರು ಎಸೆತಗಳಿಗೆ ಮೂವರನ್ನು ಔಟ್ ಮಾಡಿದ ಸ್ಟೀಫನ್‌ಸನ್ ಎಂಬವನಿಗೆ ಟೋಪಿಯೊಂದನ್ನು ಉಡುಗೊರೆಯಾಗಿ ಕೊಟ್ಟರೆಂಬುದು ಅದರ ಉತ್ತರ. ಅದಕ್ಕೂ ಚಪ್ಪಾಳೆ ಬಿತ್ತು. ಆ ಹುಡುಗ ಕುಳಿತುಕೊಂಡ.

ಆ ದಿನದ ಅತ್ಯುತ್ತಮ ಪ್ರಶ್ನೆ ಅದಾಗಿತ್ತೆಂದು ನಾನು ಇಂದಿಗೂ ನಂಬಿದ್ದೇನೆ. ಕಾರ್ಯಕ್ರಮ ಮುಗಿದ ಮೇಲೆ ಆ ಹುಡುಗನನ್ನು ಕರೆದು ತಿಳಿದಷ್ಟನ್ನು ಹೇಳಿದೆ. ಬಿಲ್ಲವರಿಗೆ ತಮ್ಮ ದೈವಗಳ ಸಾನಗಳಿದ್ದವು, ಕೋಟಿ–ಚೆನ್ನಯರ ಗರೊಡಿಗಳಿದ್ದವು. ಆದರೆ ಊರ ದೇವಸ್ಥಾನಗಳ ಒಳಗೆ ಅವರಿಗೆ ಪ್ರವೇಶವಿರಲಿಲ್ಲ. ದೇವರಿಗೆ ಕಾಣಿಕೆ ಸಲ್ಲಿಸುವವನು ದೂರದಲ್ಲಿ ನಿಂತು ಕೈಮುಗಿಯಬೇಕಾಗಿತ್ತು. ಕೇರಳದಲ್ಲಿ ಇದೇ ಅವಮಾನವನ್ನು ಅನುಭವಿಸುತ್ತಿದ್ದವರ ನಡುವೆ ಹುಟ್ಟಿದ ನಾರಾಯಣ ಗುರುಗಳು 1888ರಲ್ಲಿ ಅರುವಿಪ್ಪುರದಲ್ಲಿ, ಪ್ರತಿಷ್ಠೆಯ ಅಧಿಕಾರ ಒಂದು ಜಾತಿಗೆ ಮಾತ್ರ ಸೇರಿದ್ದೆಂಬ ನಂಬಿಕೆಯನ್ನು ಮುರಿದು ಶಿವನನ್ನು ಪ್ರತಿಷ್ಠಾಪಿಸಿದ್ದರು. ಮಂಗಳೂರಿನ ಬಿಲ್ಲವ ಮುಂದಾಳು ಹೊಯಿಗೆಬಜಾರು ಕೊರಗಪ್ಪನವರು ಮುಂತಾದವರು ಆ ಗುರುಗಳನ್ನು ಇಲ್ಲಿಗೆ ಆಹ್ವಾನಿಸಿದರು. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥ ನೆಲೆಗೊಂಡ. ಆಗ ಈ ಜಿಲ್ಲೆ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದಲ್ಲಿ ಎಲ್ಲ ಹಿಂದೂಗಳಿಗೂ ದೇವಾಲಯ ಪ್ರವೇಶದ ಹಕ್ಕನ್ನು ನೀಡುವ ಕಾಯಿದೆ ಬಂದದ್ದು 1947ರಲ್ಲಿ. ಎಂದರೆ, ಕಾನೂನು ಬಾಗಿಲು ತೆರೆಯುವುದಕ್ಕೆ ಮೂವತ್ತೈದು ವರ್ಷ ಮೊದಲೇ ಕುದ್ರೋಳಿಯವರು ತಮ್ಮದೇ ಬಾಗಿಲನ್ನು ಕಟ್ಟಿಕೊಂಡಿದ್ದರು.

ಹುಡುಗ ಮೌನವಾಗಿ ಕೇಳಿದ. ಆಮೇಲೆ, "ಕರ್ಣನನ್ನೂ ಹಾಗೇ ಕೇಳಿದ್ದರಲ್ಲ ಸರ್, ನಿನ್ನ ಕುಲ ಯಾವುದೆಂದು?" ಎಂದ. ನೋಡಿ! ಅಸ್ತ್ರಪ್ರದರ್ಶನದ ರಂಗದಲ್ಲಿ ಅರ್ಜುನನಿಗೆ ಎದುರಾಗಿ ನಿಂತ ಕರ್ಣನ ವಂಶವನ್ನು ಕೃಪಾಚಾರ್ಯರು ವಿಚಾರಿಸಿದ್ದು, ಕರ್ಣ ತಲೆ ತಗ್ಗಿಸಿದ್ದು, ದುರ್ಯೋಧನ ಆ ಕ್ಷಣದಲ್ಲೇ ಅವನಿಗೆ ಅಂಗರಾಜ್ಯದ ಪಟ್ಟ ಕಟ್ಟಿದ್ದು, ಇವೆಲ್ಲ ಅವನಿಗೆ ಬಯಲಾಟ ನೋಡಿ ಗೊತ್ತಿತ್ತು. ಪುರಾಣದ ಒಂದು ಚೂರು, ಊರ ಇತಿಹಾಸದ ಒಂದು ಚೂರು ಅವನ ತಲೆಯೊಳಗೆ ಒಂದಕ್ಕೊಂದು ತಾಗಿದವು. ನಾನು ಮೇಲೆ ಹೇಳಿದ ಕಿಡಿ ಇದೇ. ಸಾಮಾನ್ಯ ಜ್ಞಾನದ ಪ್ರಯೋಜನವೇನೆಂದು ಯಾರಾದರೂ ಕೇಳಿದರೆ ಈ ಹುಡುಗನ ಮಾತನ್ನು ನಾನು ತೋರಿಸುತ್ತೇನೆ.

ಇದರಲ್ಲಿ ಕಳೆದುಕೊಳ್ಳುವುದೇನು ಎಂಬುದನ್ನೂ ಗಮನಿಸಬೇಕು. "ನಾರಾಯಣ ಗುರುಗಳು, 1912" ಎಂಬ ಉತ್ತರದಲ್ಲಿ ಗುರುಗಳಿದ್ದಾರೆ, ಇಸವಿಯಿದೆ. ಹೊರಗೆ ನಿಂತಿದ್ದವರು ಇಲ್ಲ. ಬಾಗಿಲು ಮುಚ್ಚಿದವರೂ ಇಲ್ಲ. ಕ್ಷೇತ್ರ ತಾನಾಗಿಯೇ ಉದ್ಭವಿಸಿತೇನೋ ಎಂಬಂತೆ ಮಗು ಕಲಿಯುತ್ತದೆ. 1991ರಲ್ಲಿ ಕ್ಷೇತ್ರ ನವೀಕೃತವಾಗಿ ಚೋಳ ಶೈಲಿಯ ಗೋಪುರ ಎದ್ದಿತು, ಜೀರ್ಣೋದ್ಧಾರಗೊಂಡ ಕ್ಷೇತ್ರವನ್ನು ರಾಜೀವ ಗಾಂಧಿಯವರು ಉದ್ಘಾಟಿಸಿದರು. ಮಂಗಳೂರು ದಸರಾ ನಾಡಿನಾದ್ಯಂತ ಹೆಸರಾಯಿತು. ದೀಪಗಳ ಆ ಝಗಮಗದಲ್ಲಿ 1912ರ ಹಣತೆ ಕಾಣದಂತಾಗಬಾರದು. 2013ರಲ್ಲಿ ಇದೇ ಕ್ಷೇತ್ರದಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರ ಸ್ಥಾನಕ್ಕೆ ನೇಮಿಸಿದಾಗ ದೇಶವೆಲ್ಲ ಅಚ್ಚರಿಪಟ್ಟಿತು. ಆದಿಯ ಕಾರಣವನ್ನು ಬಲ್ಲವರಿಗೆ ಮಾತ್ರ ಅದು ಅದೇ ದಾರಿಯ ಮುಂದಿನ ಹೆಜ್ಜೆಯೆಂದು ಅರ್ಥವಾದೀತು. ಉಳಿದವರಿಗೆ ಅದು ಇನ್ನೊಂದು ಒಂದಂಕದ ಪ್ರಶ್ನೆ. 2022ರಲ್ಲಿ ಹತ್ತನೆಯ ತರಗತಿಯ ಸಮಾಜ ವಿಜ್ಞಾನದ ಪಠ್ಯದಿಂದ ನಾರಾಯಣ ಗುರುಗಳ ಕುರಿತ ಭಾಗವನ್ನು ಕೈಬಿಟ್ಟದ್ದು ನಮ್ಮ ಜಿಲ್ಲೆಯಲ್ಲಿ ಬಹಳ ಚರ್ಚೆಗೆ ಎಡೆಮಾಡಿತು. ಪಠ್ಯದಿಂದ ತೆಗೆದರೆ ನಾವು ಪ್ರತಿಭಟಿಸುತ್ತೇವೆ, ಸರಿ. ಪಠ್ಯದಲ್ಲಿದ್ದಾಗಲೂ ಹೆಸರು ಮತ್ತು ಇಸವಿಯಷ್ಟಕ್ಕೆ ಅವರನ್ನು ಕುಗ್ಗಿಸುವುದು ಇನ್ನೊಂದು ಬಗೆಯ ಕೈಬಿಡುವಿಕೆಯೇ ಅಲ್ಲವೆ?

ನನ್ನ ಮಿತ್ರರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ತರಗತಿ ನಡೆಸುವವರಿದ್ದಾರೆ. ಅವರ ವಾದವನ್ನು ಅಲಕ್ಷಿಸಲಾರೆ. "ಮಾಸ್ತರೇ, ನೌಕರಿಯ ಪರೀಕ್ಷೆಯಲ್ಲಿ ನಾಲ್ಕು ಆಯ್ಕೆ ಕೊಟ್ಟು ಒಂದಕ್ಕೆ ಗುರುತು ಹಾಕೆನ್ನುತ್ತಾರೆ. ಬಡ ಹುಡುಗನಿಗೆ ಆ ಒಂದು ಅಂಕವೇ ಅನ್ನ. ಅವನಿಗೆ 'ಏಕೆ' ಎಂದು ಕೇಳಿಸಿಕೊಂಡು ಕುಳಿತಿರಲು ಪುರುಸೊತ್ತೆಲ್ಲಿ?" ಎನ್ನುತ್ತಾರೆ. ಮಾತು ನಿಜ. ಆದರೆ ಆರನೆಯ ತರಗತಿಯ ಮಗು ನೌಕರಿಯ ಪರೀಕ್ಷೆಗೆ ಕುಳಿತಿಲ್ಲ. ಅದೂ ಅಲ್ಲದೆ, ನಲುವತ್ತು ವರ್ಷಗಳ ಅನುಭವದಿಂದ ಹೇಳುತ್ತೇನೆ: ಕಾರಣದೊಡನೆ ಕಲಿತದ್ದು ಮರೆಯುವುದಿಲ್ಲ, ಪಟ್ಟಿಯಾಗಿ ಕಲಿತದ್ದು ಪರೀಕ್ಷೆಯ ಮರುದಿನ ಉಳಿಯುವುದಿಲ್ಲ. ಬಾಗಿಲು ಏಕೆ ಮುಚ್ಚಿತ್ತೆಂದು ತಿಳಿದ ಆ ಹುಡುಗ 1912 ಎಂಬ ಇಸವಿಯನ್ನು ಯಾವ ಪರೀಕ್ಷೆಯಲ್ಲಿ ಮರೆತಾನು?

ಇನ್ನೊಂದು ಆಕ್ಷೇಪ ಸಂಘಟಕರದು. ಕಾರಣ ಕೇಳುತ್ತ ಕುಳಿತರೆ ಸ್ಪರ್ಧೆಯ ಓಟ ಕುಂಠಿತವಾಗುತ್ತದೆ, ಸಭಿಕರು ಎದ್ದುಹೋಗುತ್ತಾರೆ ಎಂದು. ಓಟ ಕಡಿಮೆಯಾಗುವುದು ನಿಶ್ಚಯ. ಒಂದು ಗಂಟೆಯಲ್ಲಿ ಅರುವತ್ತು ಪ್ರಶ್ನೆಗಳ ಬದಲು ಇಪ್ಪತ್ತು ಮಾತ್ರ ಸಾಧ್ಯವಾದೀತು. ಕೊನೆಯ ಸುತ್ತಿನ ಪಟಪಟ ಪ್ರಶ್ನೆಗಳ ರೋಮಾಂಚನವನ್ನು ಬಿಟ್ಟುಕೊಡಬೇಕಾದೀತು. ಅದು ನಷ್ಟವೇ, ಒಪ್ಪುತ್ತೇನೆ. ಆದರೆ ರಾತ್ರಿಯಿಡೀ ಕುಳಿತು ತಾಳಮದ್ದಳೆಯ ವಾದ ಕೇಳಿದ ನೆಲ ಇದು. ಇಲ್ಲಿನ ಸಭಿಕರಿಗೆ ಎರಡು ನಿಮಿಷದ ವಿವರಣೆ ಭಾರವಾದೀತೆಂದು ನಾನು ನಂಬಲಾರೆ.

ಆದ್ದರಿಂದ ಈ ಬಾರಿಯ ನವರಾತ್ರಿಗೆ ರಸಪ್ರಶ್ನೆ ಏರ್ಪಡಿಸುವ ಯುವಕ ಮಿತ್ರರಲ್ಲಿ ನನ್ನದು ಮೂರು ವಿನಂತಿ. ಮೊದಲನೆಯದು: ಪ್ರತಿಯೊಂದು "ಯಾರು, ಯಾವುದು, ಎಂದು" ಪ್ರಶ್ನೆಯ ಬಾಲಕ್ಕೆ ಒಂದು "ಏಕೆ" ಅಥವಾ "ಹೇಗೆ"ಯನ್ನು ಕಟ್ಟಿ, ಹೆಸರಿಗೆ ಒಂದು ಅಂಕವಾದರೆ ಕಾರಣಕ್ಕೆ ಎರಡು ಇಡಿ. ಎರಡನೆಯದು: ಐದರಲ್ಲಿ ಒಂದು ಪ್ರಶ್ನೆಯಾದರೂ ಮಗು ನಡೆದು ಹೋಗಿ ನೋಡಬಹುದಾದ ದೂರದ್ದಾಗಿರಲಿ. ಬತ್ತೇರಿಯ ಬುರುಜು, ನದಿಯ ಅಳಿವೆ, ತಂತಿಯ ಮೇಲಿನ ಹಕ್ಕಿ, ಅಜ್ಜನ ಮನೆಯ ಅಟ್ಟದಲ್ಲಿರುವ ಮುಟ್ಟಾಳೆ, ಇವು ಯಾವುವೂ ಐಫೆಲ್ ಗೋಪುರದ ಎತ್ತರಕ್ಕಿಂತ ಕಿರಿದಾದ ಸಂಗತಿಗಳಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವೇ ನಿಜ ಮಾಡಬಾರದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಸಭೆಯಿಂದ ಒಂದು ಮಗು ಎದ್ದು ಪ್ರಶ್ನೆ ಕೇಳಿದರೆ ಗಡಿಯಾರ ನೋಡಬೇಡಿ. ಬೇಕಾದರೆ ಅದಕ್ಕೊಂದು ಪ್ರತ್ಯೇಕ ಬಹುಮಾನವನ್ನೇ ಇಡಿ: ಅತ್ಯುತ್ತಮ ಉತ್ತರಕ್ಕಲ್ಲ, ಅತ್ಯುತ್ತಮ ಪ್ರಶ್ನೆಗೆ. ದೊಡ್ಡ ಖರ್ಚಿನ ಮಾತೇನಲ್ಲ, ಒಂದು ಕನ್ನಡ ಪುಸ್ತಕ ಸಾಕು. ಪೂರ್ಣಚಂದ್ರ ತೇಜಸ್ವಿಯವರ "ಹಕ್ಕಿ ಪುಕ್ಕ"ದಂತಹ ಒಂದು ಪುಸ್ತಕ ಹನ್ನೆರಡು ವರ್ಷದ ಕೈಗೆ ಹೋದರೆ ಅದರ ಫಲ ಎಲ್ಲಿಯವರೆಗೆ ಮುಟ್ಟುವುದೋ ಬಲ್ಲವರಾರು?

ಉತ್ತರಗಳನ್ನು ಕೊಡುವ ಕೆಲಸವನ್ನು ಇನ್ನು ಮುಂದೆ ಯಂತ್ರಗಳು ನಮಗಿಂತ ಚೆನ್ನಾಗಿ ಮಾಡಲಿವೆ. ಅವುಗಳೊಡನೆ ಪಂದ್ಯ ಕಟ್ಟಿ ಗೆಲ್ಲಲಾರೆವು. ಆದರೆ "ಅದಕ್ಕಿಂತ ಮೊದಲು ಅವರೆಲ್ಲ ಎಲ್ಲಿಗೆ ಹೋಗುತ್ತಿದ್ದರು?" ಎಂದು ಎದ್ದು ನಿಂತು ಕೇಳಲು, ಹೊರಗೆ ನಿಂತವರ ಬಗೆಗೆ ಮನಸ್ಸಿನಲ್ಲಿ ಒಂದು ಕಳವಳ ಇರಬೇಕಾಗುತ್ತದೆ. ಆ ಕಳವಳವನ್ನು ಕಾಪಾಡುವ ಹೊಣೆ ಶಾಲೆಯದು, ಊರಿನದು, ನಮ್ಮೆಲ್ಲರದು.